ಅಡುಗೆ ಮಾಡಿದವರೂ ಸಿನಿಮಾ ನೋಡಬೇಕು

ಪ್ರಶ್ನೆ: ತಿಂಗಳಿಗೊಂದು ಭಾನುವಾರ ಗೆಳೆಯರೆಲ್ಲ ನಮ್ಮ ಮನೆಗೇ ಬರುತ್ತಾರೆ. ಹತ್ತು ಹನ್ನೆರಡು ಜನ ಸೇರಿ ಟೀವಿಯಲ್ಲಿ ಸಿನಿಮಾ ನೋಡುತ್ತೇವೆ. ನನಗೂ ಸಿನಿಮಾ ಅಂದ್ರೆ ಪ್ರಾಣ. ಆದರೆ ದೋಸೆ ಹೊಯ್ಯುತ್ತಾ, ಟೀ ಕಾಸುತ್ತಾ ಅರ್ಧ ಸಿನಿಮಾ ಅಡುಗೆಮನೆಯಲ್ಲೇ ಕಳೆದುಹೋಗುತ್ತೆ. ಹೊರಗಿಂದ ತರಿಸೋಣ ಅಂದ್ರೆ ಯಾರೂ ಒಪ್ಪಲ್ಲ. ಏನು ಮಾಡಲಿ?
- ಓದುಗರು, ಧಾರವಾಡ

ಉತ್ತರ: ಮೊದಲು ದೋಸೆ ಬಿಡಿ. ದೋಸೆ, ಪೂರಿ, ಚಪಾತಿ ಎಲ್ಲಾ ಒಬ್ಬರು ಒಲೆ ಮುಂದೆ ನಿಂತೇ ಇರಬೇಕಾದ ಅಡುಗೆ. ಆ ಒಬ್ಬರು ಪ್ರತಿ ಸಲವೂ ನೀವೇ ಆಗೋದು ಸರಿಯಲ್ಲ. ಇದನ್ನು ಗೆಳೆಯರಿಗೆ ಬಾಯಿಬಿಟ್ಟು ಹೇಳಿ, ಮನಸ್ಸಲ್ಲೇ ಇಟ್ಟುಕೊಂಡು ಕೊರಗಬೇಡಿ.

ಎರಡನೆಯದು ಇಂಟರ್ವಲ್. ನಮ್ಮ ಸಿನಿಮಾಗಳಲ್ಲಿ ಕಥೆ ಬರೆಯುವಾಗಲೇ ಮಧ್ಯಂತರದ ಜಾಗ ನೋಡಿಕೊಂಡು ಅಲ್ಲಿಗೊಂದು ತಿರುವು ಇಟ್ಟಿರುತ್ತಾರೆ. ಮನೆಯಲ್ಲಿ ನೋಡುವಾಗ ಮಾತ್ರ ನಾವು ಅದನ್ನು ಗಮನಿಸದೆ ಮುಂದಕ್ಕೆ ಹೋಗಿಬಿಡುತ್ತೇವೆ. ಹೋಗಬೇಡಿ, ಅಲ್ಲೇ ನಿಲ್ಲಿಸಿ. ಎಲ್ಲರೂ ಎದ್ದು ಅಡುಗೆಮನೆಗೆ ಬರಲಿ, ಒಬ್ಬರು ತಟ್ಟೆ ತೊಳೆಯಲಿ, ಒಬ್ಬರು ಟೀಗೆ ಇಡಲಿ, ಮುಂದೇನಾಗುತ್ತೆ ಅಂತ ಜಗಳ ಆಡುತ್ತಲೇ ಬಡಿಸಿಕೊಳ್ಳಲಿ. 2001ರ 'ಲಗಾನ್' ಹತ್ತಿರ ಹತ್ತಿರ 3 ಗಂಟೆ 45 ನಿಮಿಷ ಇದೆ. ಅಂಥದ್ದನ್ನು ಒಂದೇ ಉಸಿರಿಗೆ ನೋಡಿದರೆ ಕೊನೆಯ ಕ್ರಿಕೆಟ್ ಪಂದ್ಯದ ಹೊತ್ತಿಗೆ ಅರ್ಧ ಜನ ಮೊಬೈಲ್ ಹಿಡಿದಿರುತ್ತಾರೆ.

ಇನ್ನು ಏನು ಮಾಡೋದು? ನೀವು ಧಾರವಾಡದವರು, ಗಿರ್ಮಿಟ್ ಕೈಗೆ ಬಂದೇ ಇರುತ್ತೆ. ಈರುಳ್ಳಿ, ಹಸಿಮೆಣಸಿನಕಾಯಿ, ಟೊಮೇಟೊ ಬಾಡಿಸಿ, ಹುಣಸೆಹುಳಿ ಬೆಲ್ಲ ಹಾಕಿ ಕುದಿಸಿದ ಮಸಾಲೆಯನ್ನು ಬೆಳಿಗ್ಗೆಯೇ ಮಾಡಿಡಿ. ಚುರಮುರಿಗೆ ಕಲಸೋದು ಮಾತ್ರ ಇಂಟರ್ವಲ್‌ನಲ್ಲೇ. ಮೊದಲೇ ಕಲಸಿದರೆ ಹತ್ತು ನಿಮಿಷಕ್ಕೆಲ್ಲ ಮೆತ್ತಗಾಗುತ್ತೆ. ದೊಡ್ಡ ಪಾತ್ರೆಯಲ್ಲಿ ಚುರಮುರಿ, ಮಸಾಲೆ, ಪುಟಾಣಿ ಹಿಟ್ಟು ಹಾಕಿ ಕೈಯಲ್ಲೇ ಕಲಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ. ಇದಕ್ಕೆ ಒಲೆಯೇ ಬೇಡ. ಜೊತೆಗೆ ಮಿರ್ಚಿ ಬೇಕೇ ಬೇಕು ಅನ್ನುವವರಿದ್ದರೆ ಕರಿಯುವ ಕೆಲಸ ಅವರದ್ದೇ ಆಗಲಿ.

ಊಟಕ್ಕೆ ಬಿಸಿಬೇಳೆಬಾತ್ ಒಳ್ಳೆಯದು. ಇಳಿಸುವಾಗ ಸ್ವಲ್ಪ ತೆಳ್ಳಗೇ ಇರಲಿ, ಆರುತ್ತಾ ಬಂದಂತೆ ಅದು ಗಟ್ಟಿಯಾಗುತ್ತೆ. ಬಡಿಸೋ ಮುಂಚೆ ಒಂದು ಲೋಟ ಬಿಸಿನೀರು ಹಾಕಿ ತಿರುವಿ, ಮೇಲೆ ತುಪ್ಪ. ಒಂದೇ ಬಟ್ಟಲು, ಒಂದೇ ಚಮಚ, ಕತ್ತಲಲ್ಲೂ ಚೆಲ್ಲದೆ ತಿನ್ನಬಹುದು. ಹಪ್ಪಳ ಮಾತ್ರ ಸಿನಿಮಾ ಶುರುವಾಗೋ ಮುಂಚೆಯೇ ಮುಗಿಸಿಬಿಡಿ. ಮೆಲುದನಿಯ ಮಾತಿನ ದೃಶ್ಯದಲ್ಲಿ ಹತ್ತು ಜನ ಹಪ್ಪಳ ಕಡಿದರೆ ಒಂದು ಅಕ್ಷರವೂ ಕೇಳಿಸಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಗೆಳೆಯರಲ್ಲಿ ಬಿಹಾರದವರಿದ್ದಾರೆ, ಕೇರಳದವರಿದ್ದಾರೆ. ಯಾರಿಗೂ ಕನ್ನಡ ಅಷ್ಟಾಗಿ ಬರಲ್ಲ. ಯಾವ ಕನ್ನಡ ಸಿನಿಮಾ ತೋರಿಸಲಿ?
- ಓದುಗರು, ಬೆಂಗಳೂರು

ಉತ್ತರ: 2022ರ 'ಕಾಂತಾರ' ತೋರಿಸಿ. ಅವರು ಡಬ್ ಆದದ್ದನ್ನು ಈಗಾಗಲೇ ನೋಡಿರಬಹುದು. ಪರವಾಗಿಲ್ಲ, ಸಬ್‌ಟೈಟಲ್ ಹಾಕಿ ಕನ್ನಡದಲ್ಲೇ ಇನ್ನೊಮ್ಮೆ ನೋಡಲಿ. ಆ ಕರಾವಳಿ ಕನ್ನಡದ ಮಾತಿನ ಗತ್ತು ಬೇರೆ ಭಾಷೆಗೆ ಹೋಗುವಾಗ ಉಳಿಯಲ್ಲ. ಭೂತಕೋಲ ಅಂದ್ರೆ ಏನು, ದೈವ ಅಂದ್ರೆ ಆ ಊರಿನವರಿಗೆ ಏನು ಅಂತ ಶುರುವಾಗೋ ಮುಂಚೆಯೇ ಐದು ನಿಮಿಷ ಹೇಳಿ. ಮಧ್ಯದಲ್ಲಿ ಹೇಳಬೇಡಿ. ಅದು ಜನ ಇವತ್ತಿಗೂ ಕೈಮುಗಿದು ನಡೆಸಿಕೊಂಡು ಬಂದಿರುವ ಆರಾಧನೆ. ಸಿನಿಮಾ ಮುಗಿದ ಮೇಲೆ ಅದರಲ್ಲಿ ಬರುವ ದೈವದ ಕೂಗನ್ನು ತಮಾಷೆಗೆ ಕೂಗೋದು ಬೇಡ ಅಂತಲೂ ಪ್ರೀತಿಯಿಂದಲೇ ಹೇಳಿಬಿಡಿ.

ಅವತ್ತು ಕೋರಿ ರೊಟ್ಟಿ ಮಾಡಿ. ಒಣ ಅಕ್ಕಿರೊಟ್ಟಿಯ ಪ್ಯಾಕೆಟ್ ಬೆಂಗಳೂರಿನಲ್ಲಿ ಮಂಗಳೂರು ಸ್ಟೋರುಗಳಲ್ಲಿ ಸಿಗುತ್ತೆ. ತೆಂಗಿನಹಾಲಿನ ಕೋಳಿ ಸಾರು ಮಾತ್ರ ನಿಮ್ಮದು. ರೊಟ್ಟಿ ಮುರಿದು ತಟ್ಟೆಗೆ ಹಾಕಿ, ಮೇಲೆ ಬಿಸಿ ಸಾರು ಸುರಿದು ಒಂದು ನಿಮಿಷ ಬಿಡಿ. ಅಂಚು ಇನ್ನೂ ಕುರುಕುರು, ನಡುವೆ ಮೆತ್ತಗೆ, ಆಗ ತಿನ್ನಬೇಕು. ಮಾಂಸ ತಿನ್ನದವರಿಗೆ ಅದೇ ಮಸಾಲೆಯಲ್ಲಿ ಕಡಲೆ ಗಸಿ. ಊಟ ಇಂಟರ್ವಲ್‌ನಲ್ಲೇ ಮುಗಿಯಲಿ. ಈ ಸಿನಿಮಾದ ಕೊನೇ ಭಾಗ ಬರುವಾಗ ಯಾರ ಕೈಯಲ್ಲೂ ತಟ್ಟೆ ಇರಬಾರದು.

ಪ್ರಶ್ನೆ: ಒಬ್ಬ ಗೆಳೆಯ ಪ್ರತಿ ಡೈಲಾಗನ್ನೂ ಜೊತೆಗೇ ಹೇಳುತ್ತಾನೆ. ಸುಮ್ನಿರಿಸೋದು ಹೇಗೆ?
- ಓದುಗರು, ಮೈಸೂರು

ಉತ್ತರ: ಸಿನಿಮಾ ಯಾವುದು ಅನ್ನೋದರ ಮೇಲೆ ಹೋಗುತ್ತೆ. 'ಬಬ್ರುವಾಹನ' ಹಾಕಿದ್ದೀರಿ ಅಂತಾದರೆ ದಯವಿಟ್ಟು ಸುಮ್ನಿರಿಸಬೇಡಿ. ಅರ್ಜುನ, ಬಬ್ರುವಾಹನ ಎರಡೂ ರಾಜ್‌ಕುಮಾರ್ ಅವರೇ. ಆ ಮಾತಿನ ಯುದ್ಧವನ್ನು ನೀವೂ ಒಂದು ಪಕ್ಷ ಹಿಡಿದು ಜೋರಾಗಿ ಹೇಳಿ, ಅದು ಹಾಗೆ ನೋಡೋ ಸಿನಿಮಾನೇ. ಆದರೆ ಯಾರಾದರೂ ಮೊದಲ ಸಲ ನೋಡುತ್ತಿರುವ ಸಿನಿಮಾ ಆದರೆ ಬೇಡ. ಶುರುವಿಗೆ ಮುಂಚೆ "ಇದನ್ನು ನೋಡದವರು ಯಾರಿದ್ದೀರಿ?" ಅಂತ ಕೇಳಿ. ಒಂದು ಕೈ ಎದ್ದರೂ ಅವತ್ತು ನಿಮ್ಮ ಗೆಳೆಯ ಬಾಯಿ ಮುಚ್ಚಿಕೊಂಡಿರಬೇಕು.