ಮಲೇರಿಯಾ ಮೂರು ತಿಂಗಳಲ್ಲಿ ಮತ್ತೆ ಬಂದಿದ್ದು ಯಾಕೆ?

ಜುಲೈಯಲ್ಲಿ ನಿಮ್ಮ ತಮ್ಮನಿಗೆ ಬಂದದ್ದು ವೈವಾಕ್ಸ್ (ಮಲೇರಿಯಾದ ಒಂದು ಬಗೆ) ಆಗಿದ್ದರೆ, ಹೆಚ್ಚಾಗಿ ಇದು ಲಿವರಿನಲ್ಲಿ ಮಲಗಿದ್ದ ಪರಾವಲಂಬಿ ಎದ್ದಿರುವುದು. ಮುಂಬೈಯ ಅಂಧೇರಿ ಹೋಟೆಲಿನಲ್ಲಿರುವ ಅವನಿಗೆ ಅಕ್ಟೋಬರಲ್ಲಿ ಮತ್ತೆ ನಡುಕ ಅಂದಿರಲ್ಲ, ಲೆಕ್ಕ ಸರಿಹೊಂದುತ್ತದೆ. ಹೊಸ ಸೊಳ್ಳೆ ಕಚ್ಚಿಯೂ ಬಂದಿರಬಹುದು. ಮಾಮೂಲಿ ರಕ್ತ ಪರೀಕ್ಷೆಯಲ್ಲಿ ಇದು ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ.

ಮೊದಲು ಡಾಕ್ಟರು ಬರೆದ ಹಳೇ ಔಷಧ ಚೀಟಿ ಹುಡುಕಿ. ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ ಇರಬೇಕು. ಜನ ತಪ್ಪುವುದು ಈ 14 ದಿನ ಮುಗಿಸುವುದರಲ್ಲೇ. ಕ್ಲೋರೋಕ್ವಿನ್ ಕೊಲ್ಲುವುದು ಕೆಂಪು ರಕ್ತಕಣದೊಳಗಿನದನ್ನು. ಅಲ್ಲಿ ಒಂದು ಪರಾವಲಂಬಿ ಹಿಮೋಗ್ಲೋಬಿನ್ ತಿಂದು, 48 ಗಂಟೆಯಲ್ಲಿ ಹತ್ತಿಪ್ಪತ್ತಾಗಿ, ಕಣ ಒಡೆದು ಹೊರಬರುತ್ತದೆ. ಆ ಹೊತ್ತಿಗೇ ನಡುಕ, ಅದಕ್ಕೇ ದಿನ ಬಿಟ್ಟು ದಿನ. ಲಿವರಿನಲ್ಲಿ ಮಲಗಿದ್ದಕ್ಕೆ ಪ್ರೈಮಾಕ್ವಿನ್ ಬೇಕು. ನಾನೂ ಜ್ವರ ಬಿಟ್ಟಿತಲ್ಲ ಅಂತ ಐದನೇ ದಿನಕ್ಕೇ ನಿಲ್ಲಿಸಿದ್ದೆ. ಉಳಿದ ಮಾತ್ರೆ ಸಿಕ್ಕಿದ್ದು ಎರಡನೇ ಸಲ ಚಳಿ ಹಿಡಿದಾಗ, ದೇವರ ಫೋಟೋ ಹಿಂದೆ!

ಸುಮ್ನೆ ಜ್ವರದ ಮಾತ್ರೆ ಕೊಟ್ಟು ಕಾಯಬೇಡಿ, ಇವತ್ತೇ ಪಾಲಿಕೆ ದವಾಖಾನೆಯಲ್ಲಿ ರಕ್ತ ಕೊಡಿಸಿ. ರಿಪೋರ್ಟಿನಲ್ಲಿ ವೈವಾಕ್ಸೋ, ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಮ್ಮೋ ನೋಡಿ. ಫಾಲ್ಸಿಪಾರಮ್ ಲಿವರಿನಲ್ಲಿ ಮಲಗುವುದಿಲ್ಲ, ಅದರ ಔಷಧವೇ ಬೇರೆ, ಅಪಾಯವೂ ಜಾಸ್ತಿ.

ಪ್ರೈಮಾಕ್ವಿನ್ ಶುರು ಮಾಡುವ ಮೊದಲು ಜಿ-6-ಪಿಡಿ ಎಂಬ ಕಿಣ್ವದ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ. ಆ ಕಿಣ್ವ ಕಡಿಮೆ ಇದ್ದವರಿಗೆ ಈ ಮಾತ್ರೆ ರಕ್ತಕಣಗಳನ್ನೇ ಒಡೆಯುತ್ತದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ತಕ್ಷಣ ತೋರಿಸಿ. ಮಾತ್ರೆ ಊಟದ ಮೇಲೇ ಕೊಡಿ, ಖಾಲಿ ಹೊಟ್ಟೆ ಹಿಂಡುತ್ತದೆ. ಮಂಪರು ಬಂದರೆ, ಮಾತು ತೊದಲಿದರೆ ದವಾಖಾನೆ ಬೇಡ, ನೇರ ದೊಡ್ಡಾಸ್ಪತ್ರೆಗೆ ಹೋಗಿ.