ವಯಸ್ಸಾದವರ ಗಾಯಕ್ಕೆ ಅಂಟಿಕೊಳ್ಳದ ಬ್ಯಾಂಡೇಜ್ ಯಾವುದು?

ನಿಮ್ಮ ಅತ್ತೆಗೆ 78 ವರ್ಷ, ಮೊಣಕಾಲಿನ ಕೆಳಗೆ ಚರ್ಮ ಸುಲಿದಿದೆ, ಪ್ರತಿಸಲ ಬ್ಯಾಂಡೇಜ್ ಬಿಚ್ಚುವಾಗ ಮತ್ತೆ ರಕ್ತ ಬರುತ್ತದೆ, ಅಂಟದಂಥದ್ದು ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ಮದ್ದಿನಂಗಡಿಯಲ್ಲಿ ಪ್ಯಾರಾಫಿನ್ ಗಾಜ್ (ಜಿಡ್ಡು ಹಚ್ಚಿದ ಬಲೆಬಟ್ಟೆ) ಅಂತ ಕೇಳಿ. ಅದಕ್ಕೂ ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವೂ ಅದನ್ನೇ ಮಾಡುತ್ತಿರಬಹುದು.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಎರಡು ಮಳೆಗಾಲದ ಹಿಂದೆ ಅಮ್ಮನ ಕಾಲು ಜಗಲಿಯ ಮೆಟ್ಟಿಲಿಗೆ ತಾಗಿತು. ದೊಡ್ಡ ಪೆಟ್ಟೇನಲ್ಲ, ಆದರೆ ಆ ವಯಸ್ಸಿನ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ, ತಾಗಿದಲ್ಲೇ ಸುಲಿದು ಬಂತು. ಪಕ್ಕದ ಮನೆಯವರು ಕಮ್ಯೂನಿಸ್ಟ್ ಸೊಪ್ಪಿನ ರಸ ಹಿಂಡಿ ಅಂದರು (ತೋಟದಲ್ಲಿ ಕತ್ತಿ ತಾಗಿದರೆ ನಮ್ಮ ಕಡೆ ಮೊದಲು ಹುಡುಕುವುದೇ ಅದನ್ನು). ನಾನು ದೊಡ್ಡ ಬುದ್ಧಿವಂತನ ಹಾಗೆ ಬೇಡ ಅಂದು, ಪುಡಿ ಉದುರಿಸಿ, ಹತ್ತಿ ಇಟ್ಟು, ಮೇಲೆ ಪ್ಲಾಸ್ಟರ್ ಅಂಟಿಸಿದೆ. ಮರುದಿನ ಹತ್ತಿಯೂ ರಕ್ತವೂ ಸೇರಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಎಳೆದೆ. ಅಮ್ಮ ಕೂಗಲಿಲ್ಲ, ಮಂಚದ ಪಟ್ಟಿ ಗಟ್ಟಿಯಾಗಿ ಹಿಡಿದುಕೊಂಡರು ಅಷ್ಟೇ. ಪ್ಲಾಸ್ಟರಿನ ಜೊತೆ ಎರಡು ಕಡೆ ಒಳ್ಳೆಯ ಚರ್ಮವೂ ಎದ್ದು ಬಂತು. ಒಂದಿದ್ದ ಗಾಯ ಮೂರಾಯಿತು.

ಅಪ್ಪ ಹಾಸಿಗೆ ಹಿಡಿದಿದ್ದರಿಂದ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಿದ್ದರು. ಅಮ್ಮನ ಕಾಲು ನೋಡಿ ಅವರು ಮಲಯಾಳದಲ್ಲಿ ಹೇಳಿದ್ದು ಎರಡೇ ಮಾತು: "ನನಚ್ಚಿಟ್ಟ್ ಎಡುಕ್ಕಣಂ." ನೆನೆಸಿ ತೆಗೆಯಬೇಕು ಅಂತ.

ಗಾಯ ವಾಸಿಯಾದರೆ ನಾವು 'ಒಣಗಿತು' ಅನ್ನುತ್ತೇವೆ ಅಲ್ವಾ, ಆ ಮಾತೇ ನಮ್ಮನ್ನು ದಾರಿ ತಪ್ಪಿಸುವುದು. ಒಣಗಲಿ ಅಂತ ಫ್ಯಾನಿನ ಕೆಳಗೆ ಕೂರಿಸುತ್ತೇವೆ, ಪುಡಿ ಹಾಕುತ್ತೇವೆ. 1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ, ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಬರುತ್ತದೆ ಅಂತ ತೋರಿಸಿದ್ದರು. ಹಸಿ ಇದ್ದರೆ ಚರ್ಮ ಸಲೀಸಾಗಿ ಹರಡುತ್ತದೆ, ಹಕ್ಕಳೆ ಕಟ್ಟಿದರೆ ಅದರ ಅಡಿಯಿಂದ ನುಸುಳಿಕೊಂಡು ಬರಬೇಕು. ಹಾಗಂತ ಸುಮ್ನೆ ಒದ್ದೆ ಮಾಡಿಡುವುದೂ ಅಲ್ಲ. ಸುತ್ತಲಿನ ಚರ್ಮ ಬೆಳ್ಳಗೆ ನೆನೆದಿದ್ದರೆ ನೀರು ಜಾಸ್ತಿ ಸೋರುತ್ತಿದೆ ಅಂತ ಅರ್ಥ, ಬೇಗ ಬೇಗ ಬದಲಿಸಿ.

ಈಗ ನಾನು ಮಾಡುವ ಕ್ರಮ. ಸೋಪು ಹಾಕಿ ಕೈ ತೊಳೆದು, ನಾರ್ಮಲ್ ಸಲೈನ್ (ಶುದ್ಧ ಉಪ್ಪುನೀರು) ಬಾಟಲಿಯಿಂದ ಹಳೆ ಬ್ಯಾಂಡೇಜಿನ ಮೇಲೆ ಸುರಿಯುತ್ತೇನೆ, ಹತ್ತು ನಿಮಿಷ ಬಿಡುತ್ತೇನೆ. ತಾನಾಗಿ ಸಡಿಲವಾಗದಿದ್ದರೆ ಮತ್ತೆ ಸುರಿಯುತ್ತೇನೆ. ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡಬೇಡಿ, ಅದಕ್ಕೆ 100 ಮಿಲಿಯ ಸಣ್ಣದೇ ತನ್ನಿ. ಚರ್ಮದ ಮೇಲೆ ಟೇಪ್ ಇದ್ದರೆ ಮೇಲಕ್ಕೆ ಎಳೆಯದೆ, ಮೈಗೆ ಸವರಿದ ಹಾಗೆ ಹಿಂದಕ್ಕೆ ಮಡಚುತ್ತಾ ಬನ್ನಿ, ಇನ್ನೊಂದು ಕೈಯಲ್ಲಿ ಚರ್ಮ ಒತ್ತಿಕೊಂಡಿರಲಿ. ಅಂಟು ಬಿಡದಿದ್ದರೆ ಟೇಪಿನ ಅಂಚಿಗೆ ಒಂದು ಚೂರು ತೆಂಗಿನೆಣ್ಣೆ, ಗಾಯಕ್ಕೆ ತಾಗದ ಹಾಗೆ.

ಸುಲಿದ ಚರ್ಮ ಇನ್ನೂ ನೇತಾಡುತ್ತಿದ್ದರೆ ಕತ್ತರಿಸಬೇಡಿ. ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಅದರ ಜಾಗಕ್ಕೆ ಹಾಸಿ. ಮೇಲೆ ಪ್ಯಾರಾಫಿನ್ ಗಾಜ್ ಒಂದು ಪದರ, ಅದರ ಎರಡೂ ಬದಿಯ ಕಾಗದ ತೆಗೆಯಲು ಮರೆಯಬೇಡಿ (ನಾನು ಮರೆತಿದ್ದೇನೆ). ಅದರ ಮೇಲೆ ಒಣ ಗಾಜ್, ಆಮೇಲೆ ಬಟ್ಟೆಯ ರೋಲ್ ಬ್ಯಾಂಡೇಜ್, ಪಾದದ ಕಡೆಯಿಂದ ಮೇಲಕ್ಕೆ, ಒಂದು ಬೆರಳು ತೂರುವಷ್ಟು ಸಡಿಲ. ಟೇಪ್ ಬ್ಯಾಂಡೇಜಿಗೇ ಅಂಟಲಿ, ಚರ್ಮಕ್ಕೆ ಬೇಡವೇ ಬೇಡ. ಪೇಪರ್ ಟೇಪ್ ಕೂಡ ಇಂಥ ಚರ್ಮವನ್ನು ಕೀಳುತ್ತದೆ.

ಅಂಗಡಿಯವರು ಬ್ಯಾಕ್ಟಿಗ್ರಾಸ್ ಕೊಟ್ಟರೆ ಅದೂ ಇದೇ ಜಾತಿ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಸೇರಿಸಿದ್ದು. ಅಂದಹಾಗೆ, ಈ ಜಿಡ್ಡಿನ ಬಲೆಬಟ್ಟೆ ಮಾಡಿದ್ದು ಸಿನಿಮಾ ತೋರಿಸಿದ ಲೂಮಿಯೇರ್ ಅಣ್ಣತಮ್ಮಂದಿರಲ್ಲಿ ಅಣ್ಣ, ಒಗ್ಯುಸ್ತ್, ಮೊದಲನೇ ಮಹಾಯುದ್ಧದ ಗಾಯಾಳುಗಳಿಗಾಗಿ. ಇದರಲ್ಲಿ ಒಂದು ತೊಂದರೆ ಇದೆ: ಹೆಚ್ಚು ದಿನ ಬಿಟ್ಟರೆ ಜಿಡ್ಡು ಆರಿ ಇದೂ ಅಂಟುತ್ತದೆ. ನಾನು ದಿನ ಬಿಟ್ಟು ದಿನ ಬದಲಿಸುತ್ತಿದ್ದೆ. ಸಿಲಿಕೋನ್ ಹಾಳೆ, ಮೆಪಿಟೆಲ್ ಥರದ್ದು, ಇನ್ನೂ ಮೃದು. ಅದನ್ನು ಹಲವು ದಿನ ಹಾಗೆಯೇ ಬಿಟ್ಟು ಮೇಲಿನ ಗಾಜ್ ಮಾತ್ರ ಬದಲಿಸಬಹುದು. ರೇಟು ಜಾಸ್ತಿ, ನಾನು ಮಂಗಳೂರಿನಿಂದ ತರಿಸಬೇಕಾಯಿತು, ಆದರೆ ಅಮ್ಮ ಮಂಚದ ಪಟ್ಟಿ ಹಿಡಿಯುವುದು ನಿಂತದ್ದು ಅದರಿಂದಲೇ.

ಹತ್ತಿ, ಹೈಡ್ರೋಜನ್ ಪೆರಾಕ್ಸೈಡ್, ನೀರು ಬೆರೆಸದ ಡೆಟಾಲ್ ಮೂರನ್ನೂ ದೂರ ಇಡಿ.

ಅತ್ತೆಗೆ ಶುಗರ್ ಇದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು, ವಾಸನೆ, ಜ್ವರ ಬಂದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಎರಡು ವಾರದಲ್ಲಿ ಗಾಯ ಚಿಕ್ಕದಾಗದಿದ್ದರೂ ಅಷ್ಟೇ. ಟಿಟಿ ಇಂಜೆಕ್ಷನ್ ಆಗಿದೆಯಾ ಅಂತಲೂ ಕೇಳಿ. ಮಂಜೇಶ್ವರದ ಕಡೆಯವರು ಅಂದಿರಲ್ಲ, ವಾರ್ಡಿನ ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ ನೋಡಿ. ಅತ್ತೆ ಓಡಾಡದ ಸ್ಥಿತಿಯಲ್ಲಿದ್ದರೆ ಪಾಲಿಯೇಟಿವ್ ನರ್ಸ್ ಮನೆಗೇ ಬಂದು ಮೊದಲ ಸಲ ಕಟ್ಟಿ ತೋರಿಸಬಹುದು.