ಅವನಿಗೆ 74, ನನಗೆ 121, ಬ್ರೇಕಪ್ ಮಾಡ್ಲಾ ಮೇಡಂ?

ಈ ವಾರದ ಪತ್ರಗಳಲ್ಲಿ ಒಂದನ್ನ ಓದಿ ನಂಗೆ ಸಿಟ್ಟೇ ಬಂತು. ಬರೆದೋಳ ಮೇಲಲ್ಲ, ಯಾರ ಮೇಲೆ ಅಂತ ಆಮೇಲೆ ಹೇಳ್ತೀನಿ. ವಿಷ್ಯ ಇಷ್ಟು, ಎರಡು ವರ್ಷದಿಂದ ಪ್ರೀತಿಸ್ತಿರೋ ಜೋಡಿ, ಹುಡುಗಿಯ ಫ್ರೆಂಡ್ ಒಬ್ಬಳು ಸೈಕಾಲಜಿ ಓದ್ತಿದಾಳೆ, ಅವಳು 'ಪ್ಯಾಷನೇಟ್ ಲವ್ ಸ್ಕೇಲ್' ಅಂತ, ಪ್ರೀತಿ ಅಳೆಯೋ 15 ಸಾಲಿನ ಹಾಳೆ ತಂದು ಇಬ್ಬರ ಕೈಲೂ ತುಂಬಿಸಿದ್ಲು. ಒಂದೊಂದಕ್ಕೂ 1ರಿಂದ 9ರವರೆಗೆ ಮಾರ್ಕ್ಸ್, ಒಟ್ಟು 135. ಇವಳಿಗೆ 121, ಅವನಿಗೆ 74. "ಅವನಿಗೆ ನಿನ್ ಮೇಲೆ ಅಷ್ಟಕ್ಕಷ್ಟೇ ಕಣೇ" ಅಂತ ಫ್ರೆಂಡ್ ತೀರ್ಪು ಕೊಟ್ಟಾಯ್ತು, ಅವತ್ತಿಂದ ಇವಳಿಗೆ ನಿದ್ದೆ ಇಲ್ಲ.

ನೋಡಮ್ಮ, ಆ ಸ್ಕೇಲ್ ಮಾಡಿದ್ದು ಇಲೇನ್ ಹ್ಯಾಟ್‌ಫೀಲ್ಡ್ ಮತ್ತೆ ಸೂಸನ್ ಸ್ಪ್ರೆಚರ್ ಅನ್ನೋ ಇಬ್ಬರು ಸಂಶೋಧಕಿಯರು, 1986ರಲ್ಲಿ. ಅದು ಕೇಳೋದು ಹುಚ್ಚು ಹಿಡಿದ ಥರದ ಪ್ರೀತಿನ ಮಾತ್ರ, ಅಂದ್ರೆ ಅವರು ಬಿಟ್ಟು ಹೋದ್ರೆ ಕುಸಿದು ಹೋಗ್ತೀಯಾ, ಅವರ ಯೋಚನೆ ತಲೆಯಿಂದ ಇಳಿಯೋದೇ ಇಲ್ವಾ, ಇಂಥವು. ಕಷ್ಟಕ್ಕೆ ಆಗ್ತೀಯಾ, ಮನಸಲ್ಲಿರೋದನ್ನ ಹೇಳ್ಕೋತೀಯಾ ಅನ್ನೋದು ಬೇಕಾದ್ರೆ ಜಿಕ್ ರೂಬಿನ್ ಅನ್ನೋರ ಸ್ಕೇಲ್ ನೋಡ್ಬೇಕು. ಅವರು 1970ರಲ್ಲೇ 'ಪ್ರೀತಿ'ಗೆ 13 ಸಾಲು, 'ಇಷ್ಟ'ಕ್ಕೆ 13 ಸಾಲು ಅಂತ ಎರಡು ಬೇರೆ ಬೇರೆ ಪಟ್ಟಿ ಮಾಡಿದ್ರು, ಆಮೇಲೆ ಜೋಡಿಗಳನ್ನ ಲ್ಯಾಬಲ್ಲಿ ಕೂರಿಸಿ ಯಾರು ಎಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾರೆ ಅಂತಾನೂ ಲೆಕ್ಕ ಹಾಕಿದ್ರು, ಪ್ರೀತಿ ಸ್ಕೋರ್ ಜಾಸ್ತಿ ಇದ್ದೋರು ಜಾಸ್ತಿ ಹೊತ್ತು ನೋಡ್ತಿದ್ರು. (ಇಂಥ ರಿಸರ್ಚ್‌ಗೆ ದುಡ್ಡು ಯಾಕೆ ಅಂತ 1975ರಲ್ಲಿ ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಗಲಾಟೆ ಎಬ್ಬಿಸಿದ್ದ, ಅದು ಬೇರೆ ಕಥೆ.) ರಾಬರ್ಟ್ ಸ್ಟರ್ನ್‌ಬರ್ಗ್ ಅನ್ನೋ ಸೈಕಾಲಜಿಸ್ಟ್ ಅಂತೂ ಪ್ರೀತಿನ ಆತ್ಮೀಯತೆ, ಮೋಹ, ಬದ್ಧತೆ ಅಂತ ಮೂರು ಭಾಗ ಮಾಡಿ, ಒಂದು ಕಮ್ಮಿ ಇದ್ರೆ ಇನ್ನೊಂದು ಜಾಸ್ತಿ ಇರಬಹುದು ಅಂದ್ರು. ಅಂದ್ಮೇಲೆ ಒಂದು ಭಾಗ ಅಳೆದು ಪೂರ್ತಿ ಮನುಷ್ಯನಿಗೆ ಫೇಲ್ ಅಂತ ಬರೆಯೋದು ಯಾವ ನ್ಯಾಯ?

ಸರಿ, ಈಗ ನಿನ್ ಪತ್ರದ ಅಸಲಿ ಸಾಲಿಗೆ ಬರ್ತೀನಿ. ಮೂರನೇ ಪ್ಯಾರಾದಲ್ಲಿ, ಬ್ರಾಕೆಟ್ ಒಳಗೆ, ಸುಮ್ನೆ ಹೋಗ್ತಾ ಹೋಗ್ತಾ ಅನ್ನೋ ಹಾಗೆ ಬರ್ದಿದೀಯ: "ಅವನು ನನ್ನ ಹಾಳೆ ನೋಡ್ತಾನೆ ಅಂತ ಗೊತ್ತಿತ್ತು, ಅದಕ್ಕೆ ಎಲ್ಲಾದಕ್ಕೂ 8, 9 ಹಾಕ್ಬಿಟ್ಟೆ". ಅಯ್ಯೋ! ಪತ್ರದಲ್ಲಿ ಇರೋದೇ ಇದೊಂದು ವಿಷ್ಯ ಕಣಮ್ಮ. ನೀನು ಹಾಕಿದ್ದು ಅವನಿಗೆ ತೋರ್ಸೋಕೆ ಹಾಕಿದ ನಂಬರು, ಅವನು ಹಾಕಿದ್ದು ಬಹುಶಃ ಅನ್ನಿಸಿದ ನಂಬರು, ಇವೆರಡನ್ನೂ ಅಕ್ಕಪಕ್ಕ ಇಟ್ಟು ನಿದ್ದೆಗೆಡ್ತಿದೀಯ. ಇಂಥ ಸ್ಕೇಲ್‌ಗಳ ದೊಡ್ಡ ತಲೆನೋವೇ ಇದು, ಜನ ಒಳ್ಳೇರಾಗಿ ಕಾಣೋ ಉತ್ತರ ಬರೀತಾರೆ. ಹೆಸರು ಬರೀಬೇಡಿ, ಯಾರಿಗೂ ತೋರಿಸಲ್ಲ ಅಂತ ರಿಸರ್ಚ್ ಮಾಡೋರು ಬಾಯಿಬಾಯಿ ಬಡ್ಕೊಳ್ಳೋದು ಸುಮ್ನೆ ಅಲ್ಲ.

ಇದನ್ನೆಲ್ಲ ಆ ಫ್ರೆಂಡ್ ಪಾಠದಲ್ಲಿ ಓದಿರಬೇಕಾಗಿತ್ತು, ನನ್ನ ಸಿಟ್ಟು ಅವಳ ಮೇಲೇ. ನೂರಾರು ಜನರ ಉತ್ತರ ಸೇರಿಸಿ ನೋಡೋಕೆ ಮಾಡಿದ ಹಾಳೆ ಹಿಡ್ಕೊಂಡು ಎದುರಿಗೆ ಕೂತಿರೋ ಇಬ್ಬರ ಹಣೆಬರಹ ಹೇಳೋಕೆ ಹೊರಟಳಲ್ಲ! ಅರ್ಧ ಓದಿದ ಸೈಕಾಲಜಿ ಸ್ಟೂಡೆಂಟ್‌ನ ಸಂಬಂಧದ ಮಧ್ಯೆ ಬಿಡ್ಕೋಬಾರ್ದು ಅಂತ ಈ ಅಂಕಣದಲ್ಲಿ ಎಷ್ಟು ಸಲ ಹೇಳೋದು ನಾನು.

ಆ ಹುಡುಗನ ಬಗ್ಗೆ ನಂಗೆ ಹೆಚ್ಚು ಹೇಳೋಕಿಲ್ಲ. ಪಕ್ಕದಲ್ಲಿ ನೀನು ಕೂತಿದ್ರೂ 4, 5 ಹಾಕೋ ಧೈರ್ಯ ಇತ್ತಲ್ಲ ಅವನಿಗೆ, ನಂಗೆ ಅದು ಹಿಡಿಸ್ತು.

ಬ್ರೇಕಪ್ ಮಾತು ಈಗ ಬೇಡ. ಒಂದೇ ಕೆಲಸ ಮಾಡು, ಅವನನ್ನ ಕೂರಿಸ್ಕೊಂಡು "ನನ್ನ 121 ಸುಳ್ಳು" ಅಂತ ಹೇಳು. ಅವನು "ಹಾಗಾದ್ರೆ ನಿಜ ಎಷ್ಟು" ಅಂತ ಕೇಳೇ ಕೇಳ್ತಾನೆ, ಆಗ ಫ್ರೆಂಡ್‌ಗೆ ಮೆಸೇಜ್ ಮಾಡಿ ಏನ್ ಹೇಳ್ಲಿ ಅಂತ ಕೇಳ್ಬೇಡ.